ಕ್ಯಾನ್ಸರ್ ಔಷಧದಿಂದ ವಂಶವಾಹಿಗೂ ಪೆಟ್ಟು: ಇಲಿಗಳ ಪ್ರಯೋಗ ತಿಳಿಸಿದ್ದೇನು?

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಬಳಕೆಯಲ್ಲಿರುವ ಸೈಕ್ಲೋಫಾಸ್ಫಮೈಡ್ ಔಷಧಕ್ಕೆ ಪ್ರಯೋಗಾಲಯಗಳಲ್ಲಿ ಮತ್ತೊಂದು ಉಪಯೋಗವಿದೆ. ಹೊಸ ರಾಸಾಯನಿಕವೊಂದು ವಂಶವಾಹಿಗಳಿಗೆ ಹಾನಿ ಮಾಡುತ್ತದೆಯೇ ಎಂದು ಪರೀಕ್ಷಿಸುವಾಗ, ಇಲಿಗಳ ಒಂದು ಗುಂಪಿಗೆ ಆ ರಾಸಾಯನಿಕವನ್ನೂ ಮತ್ತೊಂದು ಗುಂಪಿಗೆ ಅನೇಕ ವೇಳೆ ಸೈಕ್ಲೋಫಾಸ್ಫಮೈಡನ್ನೂ ನೀಡಲಾಗುತ್ತದೆ. ಎರಡನೆಯ ಗುಂಪಿನಲ್ಲಿ ಹಾನಿ ಕಾಣಿಸದಿದ್ದರೆ ಪರೀಕ್ಷೆಯೇ ಸರಿಯಾಗಿ ನಡೆದಿಲ್ಲವೆಂದು ಅರ್ಥ. ಅಂದರೆ ಈ ಔಷಧದ ಹಾನಿಕಾರಕ ಗುಣ ಅಷ್ಟು ಖಚಿತ.

ಇದೇ ಔಷಧ ಸ್ತನ ಕ್ಯಾನ್ಸರ್, ಲಿಂಫೋಮಾ ಮೊದಲಾದ ರೋಗಗಳಲ್ಲಿ ಅಸಂಖ್ಯ ಜನರ ಜೀವ ಉಳಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದು ಸ್ಥಾನ ಪಡೆದಿದೆ. ಹಾಗಿದ್ದರೆ ಇಲಿಗಳಲ್ಲಿ ಕಂಡುಬಂದ ಹಾನಿಯನ್ನು ರೋಗಿಗಳು ಹೇಗೆ ಅರ್ಥೈಸಿಕೊಳ್ಳಬೇಕು?

ವಿಷಾನಿಲದ ಮೂಲ

ಈ ಔಷಧದ ಮೂಲ ಮೊದಲ ಮಹಾಯುದ್ಧದ ಸಾಸಿವೆ ಅನಿಲದಲ್ಲಿದೆ. 1940ರ ದಶಕದ ಆರಂಭದಲ್ಲಿ ಎಡಿನ್‌ಬರೊದಲ್ಲಿ ಚಾರ್ಲಟ್ ಆವರ್‌ಬಾಕ್ ಮತ್ತು ಜೆ. ಎಂ. ರಾಬ್ಸನ್ ಅವರು ಹಣ್ಣಿನ ನೊಣಗಳ ಮೇಲೆ ಈ ಅನಿಲವನ್ನು ಪ್ರಯೋಗಿಸಿ, ಅದು ವಂಶವಾಹಿಗಳಲ್ಲಿ ರೂಪಾಂತರ ಉಂಟುಮಾಡುವುದನ್ನು ಪತ್ತೆಹಚ್ಚಿದರು. ಯುದ್ಧಕಾಲದ ಗೋಪ್ಯತೆಯಿಂದಾಗಿ ಆ ಫಲಿತಾಂಶ ಪ್ರಕಟವಾದದ್ದು 1946ರಲ್ಲಿ. ಈ ನಡುವೆ 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇದೇ ಕುಲದ ನೈಟ್ರೋಜನ್ ಮಸ್ಟರ್ಡ್ ಅನ್ನು ಲಿಂಫೋಮಾ ರೋಗಿಯೊಬ್ಬರಿಗೆ ನೀಡಲಾಯಿತು. ಅದರ ವಿಷವನ್ನು ಹದಗೊಳಿಸುವ ಪ್ರಯತ್ನವೇ 1958ರ ಹೊತ್ತಿಗೆ ಜರ್ಮನಿಯಲ್ಲಿ ಸೈಕ್ಲೋಫಾಸ್ಫಮೈಡ್ ರೂಪ ತಾಳಿತು.

ಡಿಎನ್‌ಎಗೆ ಬೀಳುವ ಬೆಸುಗೆ

ಸೈಕ್ಲೋಫಾಸ್ಫಮೈಡ್ ತಾನಾಗಿ ಹೆಚ್ಚೇನೂ ಮಾಡದು. ಯಕೃತ್ತಿನ ಕಿಣ್ವಗಳು ಅದನ್ನು ಬದಲಾಯಿಸಿದ ನಂತರ, ಕೊನೆಗೆ ಫಾಸ್ಫರಮೈಡ್ ಮಸ್ಟರ್ಡ್ ಮತ್ತು ಅಕ್ರೋಲಿನ್ ಎಂಬ ಎರಡು ವಸ್ತುಗಳು ಹುಟ್ಟುತ್ತವೆ. ಮೊದಲನೆಯದಕ್ಕೆ ಎರಡು ‘ಕೈ’ಗಳಿವೆ. ಡಿಎನ್‌ಎ ಏಣಿಯ ಒಂದು ಬದಿಯ ಗ್ವಾನಿನ್ ಅಣುವನ್ನು ಒಂದು ಕೈಯಿಂದಲೂ ಎದುರು ಬದಿಯ ಗ್ವಾನಿನ್ ಅನ್ನು ಇನ್ನೊಂದು ಕೈಯಿಂದಲೂ ಹಿಡಿದು ಅದು ಎರಡೂ ಎಳೆಗಳನ್ನು ಬೆಸೆಯುತ್ತದೆ. ಜೀವಕೋಶ ವಿಭಜನೆಯಾಗಬೇಕಾದರೆ ಎಳೆಗಳು ಬೇರ್ಪಡಲೇಬೇಕು. ಬೆಸುಗೆ ಬಿಡದಿದ್ದಾಗ ಕೋಶ ಸಾಯುತ್ತದೆ. ಕ್ಯಾನ್ಸರ್ ಕೋಶಗಳು ನಾಶವಾಗುವುದು ಹೀಗೆಯೇ.

ಆದರೆ ಎಲ್ಲ ಕೋಶಗಳೂ ಸಾಯುವುದಿಲ್ಲ. ಹಾನಿಯನ್ನು ತಪ್ಪಾಗಿ ರಿಪೇರಿ ಮಾಡಿಕೊಂಡು ಬದುಕುಳಿದ ಆರೋಗ್ಯವಂತ ಕೋಶದಲ್ಲಿ ವರ್ಣತಂತು ತುಂಡಾಗಿರಬಹುದು, ಇಲ್ಲವೇ ವಂಶವಾಹಿಯ ಅಕ್ಷರವೊಂದು ಬದಲಾಗಿರಬಹುದು. ರೂಪಾಂತರವೆಂದರೆ ಇದೇ. ಇತ್ತ ಅಕ್ರೋಲಿನ್ ಮೂತ್ರಕೋಶದ ಒಳಪದರವನ್ನು ಸುಡುತ್ತದೆ. ಹೆಚ್ಚಿನ ಪ್ರಮಾಣದ ಚಿಕಿತ್ಸೆಯಲ್ಲಿ ಮೆಸ್ನಾ ಎಂಬ ಔಷಧವನ್ನೂ ಜೊತೆಗೆ ಕೊಡುವುದು ಇದನ್ನು ತಡೆಯಲೆಂದೇ.

ಮೂಳೆಮಜ್ಜೆಯ ಸಾಕ್ಷ್ಯ

ಈ ಹಾನಿಯನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಾಣಬಹುದು. 1970ರ ದಶಕದಲ್ಲಿ ಬಳಕೆಗೆ ಬಂದ ‘ಮೈಕ್ರೋನ್ಯೂಕ್ಲಿಯಸ್’ ಪರೀಕ್ಷೆಯಲ್ಲಿ ಇಲಿಯ ಮೂಳೆಮಜ್ಜೆಯ ಎಳೆಯ ಕೆಂಪು ರಕ್ತಕಣಗಳನ್ನು ಪರಿಶೀಲಿಸಲಾಗುತ್ತದೆ. ಈ ಕಣಗಳು ಬೆಳೆಯುತ್ತಾ ತಮ್ಮ ಕೋಶಕೇಂದ್ರವನ್ನು ಹೊರಹಾಕುತ್ತವೆ. ಆದರೆ ಮುರಿದ ವರ್ಣತಂತುವಿನ ಚೂರು ಒಳಗೇ ಉಳಿದು, ಪುಟ್ಟ ಚುಕ್ಕೆಯಂತೆ ಕಾಣುತ್ತದೆ. ಈಗಿನ ಅಂತಾರಾಷ್ಟ್ರೀಯ ಮಾರ್ಗಸೂಚಿಯಂತೆ ಪ್ರತಿ ಪ್ರಾಣಿಯ ಕನಿಷ್ಠ 4,000 ಎಳೆಯ ಕಣಗಳನ್ನು ನೋಡಿ ಚುಕ್ಕೆಯಿರುವ ಕಣಗಳನ್ನು ಎಣಿಸಬೇಕು. ಸೈಕ್ಲೋಫಾಸ್ಫಮೈಡ್ ಪಡೆದ ಇಲಿಗಳಲ್ಲಿ ಅವುಗಳ ಸಂಖ್ಯೆ ಸ್ಪಷ್ಟವಾಗಿ ಏರುತ್ತದೆ.

ಮರಿಗಳಿಗೂ ತಟ್ಟಿದ ಪರಿಣಾಮ

ಹೆಚ್ಚು ಕಳವಳ ಮೂಡಿಸಿದ್ದು ಮುಂದಿನ ಪೀಳಿಗೆಯ ಮೇಲಿನ ಪ್ರಯೋಗಗಳು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜಾಕೆಟಾ ಟ್ರಾಸ್ಲರ್, ಬಾರ್ಬರಾ ಹೇಲ್ಸ್ ಮತ್ತು ಬರ್ನಾರ್ಡ್ ರೊಬೇರ್ ಅವರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಔಷಧ ಪಡೆದದ್ದು ಗಂಡು ಇಲಿಗಳು ಮಾತ್ರ. ಅವುಗಳ ಫಲವಂತಿಕೆ ಕುಗ್ಗಿರಲಿಲ್ಲ. ಆದರೆ ಅವುಗಳೊಡನೆ ಕೂಡಿದ ಹೆಣ್ಣು ಇಲಿಗಳಲ್ಲಿ ಭ್ರೂಣಗಳು ಸತ್ತವು, ಕೆಲವು ಮರಿಗಳಲ್ಲಿ ಅಂಗವೈಕಲ್ಯ ಕಂಡುಬಂತು. ಬೆಳವಣಿಗೆಯ ಕೊನೆಯ ಹಂತಗಳಲ್ಲಿರುವ ವೀರ್ಯಾಣುವಿಗೆ ಡಿಎನ್‌ಎ ರಿಪೇರಿ ಮಾಡಿಕೊಳ್ಳುವ ಶಕ್ತಿ ಕುಂದಿರುವುದೇ ಇದಕ್ಕೆ ಮುಖ್ಯ ಕಾರಣ.

2012ರಲ್ಲಿ ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಕಾಲಿನ್ ಗ್ಲೆನ್ ಮತ್ತು ಯೂರಿ ಡುಬ್ರೋವಾ ಅವರು ಸೈಕ್ಲೋಫಾಸ್ಫಮೈಡ್, ಮೈಟೋಮೈಸಿನ್ ಸಿ ಹಾಗೂ ಪ್ರೊಕಾರ್ಬಜಿನ್ ಔಷಧಗಳನ್ನು ಗಂಡು ಇಲಿಗಳಿಗೆ ನೀಡಿದರು. ಔಷಧವನ್ನೇ ಕಾಣದ ಅವುಗಳ ಮರಿಗಳ ಡಿಎನ್‌ಎಯಲ್ಲೂ ರೂಪಾಂತರದ ಪ್ರಮಾಣ ಹೆಚ್ಚಿತ್ತು.

ಮನುಷ್ಯರಲ್ಲಿ ಏನಾಗಿದೆ?

ಸೈಕ್ಲೋಫಾಸ್ಫಮೈಡ್ ಮನುಷ್ಯರಲ್ಲೂ ಕ್ಯಾನ್ಸರ್ ತರಬಲ್ಲದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಚಿಕಿತ್ಸೆ ಪಡೆದವರಲ್ಲಿ ಕೆಲವರಿಗೆ ವರ್ಷಗಳ ನಂತರ ರಕ್ತ ಅಥವಾ ಮೂತ್ರಕೋಶದ ಕ್ಯಾನ್ಸರ್ ಬರುವುದುಂಟು. ಔಷಧವನ್ನು ಮುಟ್ಟುವವರೂ ಎಚ್ಚರದಿಂದಿರಬೇಕು. ಇಂತಹ ಔಷಧಗಳನ್ನು ಸಿದ್ಧಪಡಿಸುತ್ತಿದ್ದ ದಾದಿಯರ ಮೂತ್ರಕ್ಕೆ ರೂಪಾಂತರ ಉಂಟುಮಾಡುವ ಗುಣವಿರುವುದನ್ನು 1979ರಲ್ಲೇ ಫಿನ್ಲೆಂಡಿನ ಸಂಶೋಧಕರು ತೋರಿಸಿದ್ದರು.

ಮಕ್ಕಳ ವಿಷಯದಲ್ಲಿ ಮಾತ್ರ ಸುದ್ದಿ ಸಮಾಧಾನಕರ. ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರಿಗೆ ಹುಟ್ಟಿದ 4,699 ಮಕ್ಕಳನ್ನು ಕುರಿತು 2012ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನದಲ್ಲಿ, ತಂದೆತಾಯಿ ಪಡೆದ ಇಂತಹ ಔಷಧಗಳಿಗೂ ಮಕ್ಕಳ ಜನ್ಮಜಾತ ನ್ಯೂನತೆಗೂ ಸಂಬಂಧ ಕಂಡುಬರಲಿಲ್ಲ. 1985ರ ಪ್ರಯೋಗದ ಇಲಿಗಳು ಔಷಧದ ಪ್ರಭಾವದಲ್ಲೇ ಕೂಡಿದ್ದವು. ಮನುಷ್ಯರು ಸಾಮಾನ್ಯವಾಗಿ ವರ್ಷಗಳ ನಂತರ ಮಕ್ಕಳನ್ನು ಪಡೆಯುತ್ತಾರೆ. ಪುರುಷರಲ್ಲಿ ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಪೆಟ್ಟು ತಿಂದವು ಅಷ್ಟರಲ್ಲಿ ಹೊರಬಿದ್ದು, ಹೊಸವು ಅವುಗಳ ಜಾಗಕ್ಕೆ ಬರುತ್ತವೆ.

ಆದ್ದರಿಂದಲೇ ಚಿಕಿತ್ಸೆಯ ಅವಧಿಯಲ್ಲೂ ನಂತರ ಪುರುಷರು ಕನಿಷ್ಠ ನಾಲ್ಕು ತಿಂಗಳು, ಮಹಿಳೆಯರು ಒಂದು ವರ್ಷದವರೆಗೂ ಗರ್ಭಧಾರಣೆ ತಪ್ಪಿಸಬೇಕೆಂದು ಅಮೆರಿಕದಲ್ಲಿ ಔಷಧದ ಅಧಿಕೃತ ಸೂಚನಾಪತ್ರ ಹೇಳುತ್ತದೆ. ಈ ಔಷಧ ಬಂಜೆತನವನ್ನೂ ತರಬಹುದು. ಮುಂದೆ ಮಕ್ಕಳು ಬೇಕೆನ್ನುವವರು ವೀರ್ಯ ಅಥವಾ ಅಂಡಾಣು ಸಂಗ್ರಹಿಸಿಡುವ ಬಗ್ಗೆ ಮೊದಲ ಡೋಸ್‌ಗೆ ಮುನ್ನವೇ ವೈದ್ಯರನ್ನು ಕೇಳಬೇಕು.

ಗಡ್ಡೆಯನ್ನು ಕೊಲ್ಲುವ ರಾಸಾಯನಿಕ ಕ್ರಿಯೆಯೇ ವಂಶವಾಹಿಯನ್ನೂ ಕೆಡಿಸುತ್ತದೆ, ಎರಡನ್ನೂ ಬೇರ್ಪಡಿಸಲಾಗದು. ಇಲಿಗಳ ಪ್ರಯೋಗ ಕಲಿಸುವುದು ಔಷಧವನ್ನು ಬಿಡುವುದನ್ನಲ್ಲ, ಕಾಲವರಿತು ಎಚ್ಚರ ವಹಿಸುವುದನ್ನು.