ಅಡ್ಡಹೆಸರು ಹೊತ್ತು ಓಡಿದವನು

1994ರ ಅಕ್ಟೋಬರ್ 16. ಸ್ಪೇನಿನ ಹೆರೆಜ್ ಟ್ರ್ಯಾಕಿನಲ್ಲಿ ಯುರೋಪಿಯನ್ ಗ್ರಾಂಪ್ರಿ. ಎಲ್ಲರ ಕಣ್ಣೂ ಶುಮಾಕರ್ ಮತ್ತು ಡೇಮನ್ ಹಿಲ್ ಮೇಲೆ. ರೇಸಿನ ನಡುವೆ ಥ್ರಾಟಲ್ ಕೈಕೊಟ್ಟು ಸೌಬರ್ ತಂಡದ ಒಂದು ಕಾರು ಹಿಂದೆ ಸರಿಯಿತು. ಅದರಲ್ಲಿದ್ದವನು ಆಂಡ್ರಿಯಾ ಡಿ ಚೆಸಾರಿಸ್. ಅದು ಅವನ 208ನೇ ರೇಸು, ಕೊನೆಯದೂ ಹೌದು. ಅವನಿಗಿಂತ ಹೆಚ್ಚು ರೇಸು ಓಡಿದವನು ಆಗ ರಿಕಾರ್ಡೊ ಪಾತ್ರೆಸೆ ಒಬ್ಬನೇ. ಆದರೆ ಡಿ ಚೆಸಾರಿಸ್ ಗೆದ್ದ ರೇಸುಗಳ ಸಂಖ್ಯೆ ಸೊನ್ನೆ.

ಜಗತ್ತು ಅವನನ್ನು ನೆನಪಿಟ್ಟುಕೊಂಡದ್ದು ಬೇರೆ ಹೆಸರಿನಿಂದ: 'ಡಿ ಕ್ರ್ಯಾಶರಿಸ್'.

ಆ ಹೆಸರು ಸುಮ್ಮನೆ ಬಂದದ್ದಲ್ಲ. ರೋಮಿನ ಈ ಹುಡುಗ 1981ರಲ್ಲಿ ಮೆಕ್‌ಲಾರೆನ್ ಸೇರಿದಾಗ ವಯಸ್ಸು ಇಪ್ಪತ್ತೆರಡು ತುಂಬುವುದರಲ್ಲಿತ್ತು, ಬೆನ್ನಿಗೆ ಮಾರ್ಲ್‌ಬರೊ ಪ್ರಾಯೋಜಕತ್ವವಿತ್ತು. ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಕಾರ್ಬನ್ ಫೈಬರ್ ಚಾಸಿಯ ಕಾರು ಆ ವರ್ಷವಷ್ಟೇ ಟ್ರ್ಯಾಕಿಗಿಳಿದಿತ್ತು. ದುಬಾರಿ, ಹೊಚ್ಚ ಹೊಸ ತಂತ್ರಜ್ಞಾನ. ಅಂಥದ್ದನ್ನು ಆತ ಮೇಲಿಂದ ಮೇಲೆ ಗುದ್ದಿಸಿದ. ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ 13ನೇ ಸ್ಥಾನಕ್ಕೆ ಅರ್ಹತೆ ಪಡೆದಿದ್ದರೂ ತಂಡವೇ ಅವನನ್ನು ರೇಸಿಗೆ ಬಿಡಲಿಲ್ಲ. ಇಡೀ ವರ್ಷದ ಗಳಿಕೆ ಒಂದೇ ಒಂದು ಅಂಕ.

ಮರುವರ್ಷ ಆಲ್ಫಾ ರೋಮಿಯೊ ಸೇರಿದ ಅದೇ ಹುಡುಗ ಲಾಂಗ್ ಬೀಚ್‌ನಲ್ಲಿ ಪೋಲ್ ಪೊಸಿಷನ್ ಪಡೆದ. ಪೋಲ್ ಗಳಿಸಿದವರಲ್ಲಿ ಆವರೆಗಿನ ಅತಿ ಕಿರಿಯ. ರೇಸಿನಲ್ಲೂ ಮುಂದಿದ್ದ. ದಾರಿ ಬಿಡದ ಒಂದು ನಿಧಾನದ ಕಾರಿನತ್ತ ಸಿಟ್ಟಿನಿಂದ ಮುಷ್ಟಿ ಬೀಸುತ್ತಿರುವಾಗಲೇ ನಿಕಿ ಲಾಡಾ ಪಕ್ಕದಿಂದ ನುಸುಳಿ ಹೋದ. ಆಮೇಲೆ ನಮ್ಮವನು ಗೋಡೆಗೆ ಗುದ್ದಿದ. ವೇಗವಿತ್ತು, ತಾಳ್ಮೆ ಇರಲಿಲ್ಲ.

ಆದರೆ ಎಲ್ಲ ಸೋಲೂ ಅವನದಲ್ಲ. 1983ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮೊದಲ 18 ಸುತ್ತು ಅವನೇ ಮುಂದಿದ್ದ. ಪಿಟ್‌ನಲ್ಲಿ ತಡವಾಯಿತು, ಮುಂದೆ ಎಂಜಿನ್ ಕೆಟ್ಟಿತು. ಅಂಕಿಅಂಶದ ಪಟ್ಟಿಯಲ್ಲಿ ಇದೂ 'ರೇಸ್ ಮುಗಿಸಲಿಲ್ಲ' ಎಂಬ ಒಂದೇ ಸಾಲು. ಚಾಲಕ ಕೆಡಿಸಿದ್ದೋ ಯಂತ್ರ ಕೆಟ್ಟದ್ದೋ, ಅಡ್ಡಹೆಸರು ವಿಚಾರಿಸುವುದಿಲ್ಲ.

1985ರಲ್ಲಿ ಆಸ್ಟ್ರಿಯಾದಲ್ಲಿ ಅವನ ಲಿಜಿಯೆ ಕಾರು ಹುಲ್ಲಿಗೆ ಜಾರಿ, ದಿಬ್ಬಕ್ಕೆ ತಾಗಿ, ಗಾಳಿಯಲ್ಲಿ ಪಲ್ಟಿ ಹೊಡೆಯಿತು. ಆತ ಎದ್ದು ನಡೆದುಕೊಂಡು ಬಂದ. ಮಾಲೀಕ ಗಿ ಲಿಜಿಯೆಗೆ ಸಾಕಾಗಿತ್ತು. ಇನ್ನೊಂದು ರೇಸಿನ ನಂತರ ಕೆಲಸ ಹೋಯಿತು. ಮುಂದೆ ಮಿನಾರ್ಡಿ, ಬ್ರಾಭಂ, ರಿಯಾಲ್, ಡಲ್ಲಾರ. ಹಣ ತರುವ ಪ್ರಾಯೋಜಕರಿಲ್ಲದಿದ್ದರೆ ಇಷ್ಟು ಬಾಗಿಲು ತೆರೆಯುತ್ತಿತ್ತೇ? ಇಲ್ಲ ಎಂದೇ ನನ್ನ ಅನಿಸಿಕೆ. ಅವನಷ್ಟೇ ವೇಗವಿದ್ದು, ಎರಡನೇ ಅವಕಾಶ ಕೊಳ್ಳಲಾಗದೆ ಮನೆಗೆ ಹೋದವರೂ ಇದ್ದಿರಬೇಕು.

ಆದರೆ ಆ ಅವಕಾಶಗಳಲ್ಲಿ ಆತ ಕಲಿತ ಎಂಬುದೂ ನಿಜ. 1991ರಲ್ಲಿ ಹೊಸ ತಂಡ ಜೋರ್ಡಾನ್‌ಗೆ ಕೆನಡಾ, ಮೆಕ್ಸಿಕೊಗಳಲ್ಲಿ ನಾಲ್ಕನೇ ಸ್ಥಾನ ತಂದುಕೊಟ್ಟ. ಅದೇ ವರ್ಷ ಸ್ಪಾದಲ್ಲಿ ಶುಮಾಕರ್ ಎಂಬ ಹೊಸ ಹುಡುಗ ಅವನ ಜೊತೆಗಾರನಾಗಿ ಬಂದ. ಅರ್ಹತಾ ಸುತ್ತಿನಲ್ಲಿ ಇವನಿಗಿಂತ ಮುಂದಿದ್ದರೂ ರೇಸಿನ ಮೊದಲ ಸುತ್ತಿನಲ್ಲೇ ಕ್ಲಚ್ ಕೆಟ್ಟು ನಿಂತ. ಡಿ ಚೆಸಾರಿಸ್ ಎರಡನೇ ಸ್ಥಾನಕ್ಕೇರಿ ಸೆನ್ನಾನ ಬೆನ್ನು ಹತ್ತಿದ್ದ. ಸೆನ್ನಾನ ಗೇರ್‌ಬಾಕ್ಸ್ ತೊಂದರೆಯಲ್ಲಿತ್ತು. ಇನ್ನು ಮೂರೇ ಸುತ್ತು ಎನ್ನುವಾಗ ಇವನ ಎಂಜಿನ್ ಕಾದು ನಿಂತಿತು. ಮರುದಿನದಿಂದ ಲೋಕ ಮಾತಾಡಿದ್ದು ಶುಮಾಕರ್ ಬಗ್ಗೆ.

1994ರಲ್ಲಿ ಆತ ಶುರುವಿಗೆ ತಂಡವಿಲ್ಲದೆ ಕೂತಿದ್ದ. ಎಡ್ಡಿ ಅರ್ವೈನ್ ನಿಷೇಧಕ್ಕೊಳಗಾದಾಗ ಜೋರ್ಡಾನ್ ಎರಡು ರೇಸಿಗೆ ಕರೆಯಿತು. ಮೊದಲನೆಯದು ರಾಟ್ಜೆನ್‌ಬರ್ಗರ್ ಮತ್ತು ಸೆನ್ನಾ ಸತ್ತ ಇಮೋಲಾ. ಎರಡನೆಯದು ಮೊನಾಕೊ, ಅಲ್ಲಿ ನಾಲ್ಕನೇ ಸ್ಥಾನ. ಅಲ್ಲೇ ಗಾಯಗೊಂಡ ವೆಂಡ್ಲಿಂಗರ್ ಬದಲಿಗೆ ಸೌಬರ್ ಸೇರಿದ. ಫ್ರಾನ್ಸಿನಲ್ಲಿ ಆರನೆಯವನಾಗಿ ಕೊನೆಯ ಅಂಕ ಗಳಿಸಿದ. ಹೆರೆಜ್ ನಂತರ ಉಳಿದ ಎರಡು ರೇಸಿಗೆ ಆ ಸೀಟಿನಲ್ಲಿ ಕೂತವನು ಲೆಹ್ಟೊ. ಅಷ್ಟೇ. ಗುದ್ದುವವನೆಂದು ಹೆಸರಾದವನು ಹೊರಟದ್ದು ಯಾರ ಮೇಲೂ ಗುದ್ದದೆ.

ನಮ್ಮ ತಂಡದಲ್ಲೊಬ್ಬ ಹುಡುಗನಿದ್ದ. ಸೇರಿದ ಮೊದಲ ತಿಂಗಳುಗಳಲ್ಲಿ ಎರಡು ರಿಲೀಸ್ ಕೆಡಿಸಿದ. ನಾನೇ ತಮಾಷೆಗೆ 'ರೋಲ್‌ಬ್ಯಾಕ್' ಎಂದು ಹೆಸರಿಟ್ಟೆ. ಮೂರು ವರ್ಷದ ನಂತರ ಅವನ ಕೋಡು ತಂಡದಲ್ಲೇ ಅಚ್ಚುಕಟ್ಟಾಗಿತ್ತು, ಆದರೂ ದೊಡ್ಡ ಮಾಡ್ಯೂಲ್ ಹಂಚುವಾಗ ಯಾರೋ ಆ ಹೆಸರು ಹೇಳಿ ನಕ್ಕರು. ನಾನೂ ನಕ್ಕೆ. ಮಾಡ್ಯೂಲ್ ಬೇರೆಯವರಿಗೆ ಹೋಯಿತು. ಆರು ತಿಂಗಳಲ್ಲಿ ಅವನೂ ಹೋದ.

ಡಿ ಚೆಸಾರಿಸ್ ಮುಂದೆ ಮಾಂಟೆ ಕಾರ್ಲೊದಲ್ಲಿ ಕರೆನ್ಸಿ ವ್ಯವಹಾರ ಮಾಡಿಕೊಂಡಿದ್ದ, ಸಮುದ್ರದಲ್ಲಿ ವಿಂಡ್‌ಸರ್ಫಿಂಗ್ ಮಾಡುತ್ತಿದ್ದ. 2014ರ ಅಕ್ಟೋಬರ್ 5ರಂದು ರೋಮಿನ ವರ್ತುಲ ಹೆದ್ದಾರಿಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ. ವಯಸ್ಸು 55. ಅದೇ ದಿನ ಜಪಾನಿನ ಸುಜುಕಾದಲ್ಲಿ ಜೂಲ್ಸ್ ಬಿಯಾಂಕಿ ಮಾರಣಾಂತಿಕವಾಗಿ ಗಾಯಗೊಂಡಿದ್ದರಿಂದ ಸುದ್ದಿಯೆಲ್ಲ ಅತ್ತ ಹೋಯಿತು. ಇವನ ಬಗ್ಗೆ ಬರೆದವರಲ್ಲಿ ಅನೇಕರು ಅಡ್ಡಹೆಸರನ್ನು ಮರೆಯದೆ ಸೇರಿಸಿದರು.

208 ರೇಸು, ಐದು ಬಾರಿ ಪೋಡಿಯಂ, 59 ಅಂಕ. ಅಡ್ಡಹೆಸರು ಹುಟ್ಟಿದ್ದು ಒಂದು ವರ್ಷದಲ್ಲಿ. ಮಿಕ್ಕ ವರ್ಷಗಳನ್ನು ಆತ ಅದರ ಜೊತೆಗೇ ಓಡಿಸಿದ. ನಮ್ಮ ಹುಡುಗನಿಗೆ ಅಷ್ಟು ವರ್ಷ ಕಾಯುವ ಅಗತ್ಯವಿರಲಿಲ್ಲ; ಬೇರೆ ಊರಿನಲ್ಲಿ ಈಗ ಅವನೇ ಒಂದು ತಂಡ ನಡೆಸುತ್ತಿದ್ದಾನೆ ಎಂದು ಕೇಳಿದೆ. ಅಲ್ಲಿ ಯಾರಿಗೂ ಅವನು ಅಡ್ಡಹೆಸರು ಇಟ್ಟಿರಲಾರ.