ಗರಿಯ ಖಾತೆ

ನಮ್ಮ ಕಡೆ ಬಜರಿಗಾರ್ ಎಂದರೆ ಯಾರಿಗೂ ತಿಳಿಯದು. ಲವ್ ಬರ್ಡ್ಸ್ ಎಂದರೆ ತಿಳಿಯುತ್ತದೆ. ದಾವಣಗೆರೆಯಲ್ಲಿ ನಾನು ಬಿಕಾಂ ಓದುತ್ತಿದ್ದಾಗ ಬಾಡಿಗೆ ಮನೆಯ ಮಾಲೀಕರು ವರಾಂಡದ ಪಂಜರದಲ್ಲಿ ನಾಲ್ಕು ಹಕ್ಕಿ ಸಾಕಿದ್ದರು. ಬೆಳಿಗ್ಗೆ ಒಂದು ಹಿಡಿ ನವಣೆ, ಒಂದು ಬಟ್ಟಲು ನೀರು. ಅವುಗಳ ಬಜೆಟ್ಟು ಅಷ್ಟೇ.

ಇಂಗ್ಲೆಂಡಿನ ಯಾರ್ಕ್‌ಶೈರಿಗೆ ಬಂದು ನೆಲೆಸಿದ ಮೇಲೆ ಇದೇ ಹಕ್ಕಿಗೆ ಇಲ್ಲಿ ಸಂಘ, ನಿಯಮಾವಳಿ, ತೀರ್ಪುಗಾರರು ಎಲ್ಲ ಇದ್ದಾರೆಂದು ಗೊತ್ತಾಯಿತು. ಗೊತ್ತಾದದ್ದು ನನ್ನ ಕಸುಬಿನ ಮೂಲಕವೇ. ಪಕ್ಕದ ಮನೆಯ ಹಿರಿಯರೊಬ್ಬರು, ಕಲ್ಲಿದ್ದಲು ಗಣಿಯಿಂದ ನಿವೃತ್ತರಾದವರು, ತಮ್ಮ ಊರಿನ ಪಕ್ಷಿ ಸಂಘದ ಲೆಕ್ಕ ನೋಡಿಕೊಡಿ ಎಂದು ಶೂ ಡಬ್ಬಿಯೊಂದರ ತುಂಬ ರಸೀದಿ ತಂದಿಟ್ಟರು. ಖರ್ಚಿನಲ್ಲಿ ದೊಡ್ಡ ಪಾಲು ಆಹಾರದ್ದು. ಕೆನರಿ ಬೀಜ, ಓಟ್ಸ್, ಮೊಟ್ಟೆಪುಡಿ, ವಿಟಮಿನ್ ಪುಡಿ, ಅಯೋಡಿನ್ ಗಟ್ಟಿ. 'ವೈಟ್ ಮಿಲೆಟ್' ಎಂದು ಬರೆದದ್ದು ನಮ್ಮ ಬರಗು; ತೆನೆ ಸಮೇತ ಕಟ್ಟು ಕಟ್ಟಿ ಮಾರುವ 'ಮಿಲೆಟ್ ಸ್ಪ್ರೇ' ಸಾಕ್ಷಾತ್ ನವಣೆ. ಒಂದು ಹಿಡಿ ನವಣೆಯಲ್ಲಿ ಮುಗಿಯುತ್ತಿದ್ದ ಊಟ ಇಷ್ಟು ಉದ್ದದ ಪಟ್ಟಿಯಾದದ್ದು ಹೇಗೆ? ಕೇಳಿದೆ. "ಎಲ್ಲಾ ಗರಿಗಾಗಿ" ಎಂದರು. ಆ ಉತ್ತರದ ಜಾಡು ಹಿಡಿದು ಓದುತ್ತಾ ಹೋದಾಗ ಸಿಕ್ಕಿದ್ದು ಈ ಚರಿತ್ರೆ.

ಬಜರಿಗಾರ್ ಆಸ್ಟ್ರೇಲಿಯಾದ ಒಳನಾಡಿನ ಹಕ್ಕಿ. ಮಳೆ ಎಲ್ಲಿ ಬಿದ್ದಿತೋ ಅಲ್ಲಿಗೆ ಗುಂಪಾಗಿ ಹಾರಿ, ನೆಲದ ಹುಲ್ಲಿನ ಬೀಜ ತಿಂದು, ಹುಲ್ಲು ಚೆನ್ನಾಗಿ ಕಾಳುಕಟ್ಟಿದಾಗ ಮರಿ ಮಾಡುತ್ತದೆ. ತೂಕ ಸುಮಾರು 30 ಗ್ರಾಂ, ಉದ್ದ ಸುಮಾರು 18 ಸೆಂಟಿಮೀಟರ್. ಪಕ್ಷಿತಜ್ಞ ಜಾನ್ ಗೌಲ್ಡ್ 1840ರಲ್ಲಿ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದ. ಯುರೋಪಿನ ಪಂಜರಗಳಲ್ಲಿ ಅದು ಸುಲಭವಾಗಿ ಮರಿ ಹಾಕಿತು. ಹಸಿರಿನಿಂದ ಹಳದಿ ಬಂತು, ಆಮೇಲೆ ಬೆಲ್ಜಿಯಂನಲ್ಲಿ ನೀಲಿ. ಆ ನೀಲಿ ಹಕ್ಕಿಗಳನ್ನು ಲಂಡನ್ನಿನಲ್ಲಿ 1910ರಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ಬೆರಗಾದರು. 1925ರಲ್ಲಿ ಬಜರಿಗಾರ್ ಕ್ಲಬ್ ಹುಟ್ಟಿತು. 1930ರಲ್ಲಿ ಅದು ಬಜರಿಗಾರ್ ಸೊಸೈಟಿ ಎಂದು ಹೆಸರು ಬದಲಿಸಿಕೊಂಡಿತು.

ಸಂಘ ಬಂದ ಮೇಲೆ ಮಾದರಿಯೂ ಬಂತು. ಆದರ್ಶ ಹಕ್ಕಿಯ ಉದ್ದ ನೆತ್ತಿಯಿಂದ ಬಾಲದ ತುದಿಗೆ 216 ಮಿಲಿಮೀಟರ್. ಹಣೆ ಅಗಲವಾಗಿರಬೇಕು, ಗಂಟಲಿನ ಕೆಳಗೆ ದುಂಡಗಿನ ಆರು ಕಪ್ಪು ಚುಕ್ಕೆಗಳು ಅಂತರ ತಪ್ಪದೆ ಕೂರಬೇಕು. ಹೊರಗೆ ಕಪ್ಪು, ಒಳಗೆ ಬಿಳಿ ಬಣ್ಣದ ಒಂದೇ ಅಳತೆಯ ಪಂಜರದಲ್ಲಿ ತೀರ್ಪುಗಾರನ ಕಣ್ಣಿಗೆ ಬೀಳುವುದು ಮುಖ್ಯವಾಗಿ ಗರಿಯೇ. ಹಾಗಾಗಿ ಸಾಕುವವರ ಚಿಂತೆಯೆಲ್ಲ ಗರಿಯ ಕಡೆ ತಿರುಗಿತು.

ಚಿಂತೆಗೆ ಆಧಾರ ಇತ್ತು. ಗರಿಯಲ್ಲಿ ನೂರಕ್ಕೆ ಸುಮಾರು 90 ಭಾಗ ಕೆರಾಟಿನ್ ಎಂಬ ಪ್ರೋಟೀನು. ಹಕ್ಕಿಯ ಮೈಯಲ್ಲಿರುವ ಒಟ್ಟು ಪ್ರೋಟೀನಿನಲ್ಲಿ ಸುಮಾರು ಕಾಲು ಭಾಗ ಗರಿಗಳಲ್ಲೇ ಇರುತ್ತದೆ. ಗರಿ ಉದುರಿ ಹೊಸತು ಬರುವ ಕಾಲದಲ್ಲಿ ಹಕ್ಕಿ ಈ ಆಸ್ತಿಯನ್ನು ಮತ್ತೆ ಕಟ್ಟಬೇಕು. ಬರಗು, ನವಣೆಗಳಲ್ಲಿ ಪ್ರೋಟೀನು ನೂರಕ್ಕೆ 11–12; ಕೆನರಿ ಬೀಜದಲ್ಲಿ 16ರಿಂದ 20. ಕೆನರಿ ಬೀಜ ದುಬಾರಿಯಾದರೂ ಮಿಶ್ರಣದಲ್ಲಿ ಅದಕ್ಕೆ ದೊಡ್ಡ ಪಾಲು ಸಿಕ್ಕಿದ್ದು ಇದರಿಂದಲೇ. ಆದರೂ ಕಾಳಿನ ಪ್ರೋಟೀನಿನಲ್ಲಿ ಲೈಸಿನ್‌ನಂಥ ಅಮೈನೋ ಆಮ್ಲಗಳು ಕಡಿಮೆ. ಆ ಕೊರತೆ ತುಂಬಲು ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ, ತುರಿದ ಕ್ಯಾರೆಟ್ ಸೇರಿಸಿ 'ಮೆದು ಆಹಾರ' ಮಾಡುವ ಪದ್ಧತಿ ಬೆಳೆಯಿತು. ಒಣಕಾಳಿನಲ್ಲಿ ಬಹುಮಟ್ಟಿಗೆ ಇಲ್ಲದ ವಿಟಮಿನ್ 'ಎ'ಯನ್ನು ಕ್ಯಾರೆಟ್, ಪಾಲಕ್ ಸೊಪ್ಪು ಕೊಟ್ಟವು. ಸುಣ್ಣದ ಅಂಶವನ್ನು ಕಟಲ್ ಮೀನಿನ ಬಿಳಿ ಮೂಳೆ ಕೊಟ್ಟಿತು.

ಎಲ್ಲ ಪ್ರಯೋಗವೂ ಫಲ ಕೊಡಲಿಲ್ಲ. ಕಾಳಿಗೆ ಕಾಡ್ ಮೀನಿನ ಎಣ್ಣೆ ಸವರುವುದು ಇಲ್ಲಿ ಬಹುಕಾಲ ರೂಢಿಯಲ್ಲಿತ್ತು. ಎಣ್ಣೆ ತಾಜಾ ಇದ್ದರೆ ಲಾಭ. ಕಮಟು ಹಿಡಿದರೆ ಅದು ವಿಟಮಿನ್ 'ಇ'ಯನ್ನೇ ಹಾಳುಮಾಡುತ್ತಿತ್ತು. ಎರಡನೆಯ ಮಹಾಯುದ್ಧ ಬಂದಾಗ ಹಡಗುಗಳಲ್ಲಿ ಹಕ್ಕಿಯ ಕಾಳಿಗೆ ಜಾಗ ಉಳಿಯಲಿಲ್ಲ. ಮೊಟ್ಟೆ ರೇಷನ್‌ಗೆ ಸೇರಿತು, ತಲೆಗೆ ವಾರಕ್ಕೊಂದು. ಮಕ್ಕಳ ತಟ್ಟೆಯ ಮೊಟ್ಟೆಯನ್ನು ಹಕ್ಕಿಗೆ ಹಾಕುವವರು ಯಾರು? ಅನೇಕರು ಹಕ್ಕಿಗಳನ್ನು ಕಡಿಮೆ ಮಾಡಿಕೊಂಡರು. ಉಳಿದವರು ಬೇಲಿಬದಿಯ ಹುಲ್ಲಿನ ತೆನೆ ಕಿತ್ತು ತಂದರು.

ಆಹಾರದ ನಿಜವಾದ ಗೆಲುವು ಅಯೋಡಿನ್‌ನದು. ಉಸಿರಾಡುವಾಗ ಕಿರ್ ಕಿರ್ ಎನ್ನುವ, ತಿಂದದ್ದನ್ನು ಕಾರಿಕೊಳ್ಳುವ ಹಕ್ಕಿಗಳು ಮನೆಮನೆಯಲ್ಲಿದ್ದವು. ಜನ ನೆಗಡಿ ಎಂದುಕೊಂಡಿದ್ದರು. 1963ರಲ್ಲಿ ಪಶುವೈದ್ಯ ಡಿ.ಕೆ. ಬ್ಲ್ಯಾಕ್‌ಮೋರ್ ಪ್ರಕಟಿಸಿದ ಅಧ್ಯಯನ, ಬಜರಿಗಾರ್‌ಗಳಲ್ಲಿ ಥೈರಾಯ್ಡ್ ಗ್ರಂಥಿಯ ಊತ ಎಷ್ಟು ಸಾಮಾನ್ಯವೆಂದು ತೋರಿಸಿತು. ಕಾಳಿನಲ್ಲಿ ಅಯೋಡಿನ್ ಕಡಿಮೆ. ಊದಿದ ಗ್ರಂಥಿ ಶ್ವಾಸನಾಳವನ್ನೂ ಅನ್ನನಾಳವನ್ನೂ ಒತ್ತುತ್ತದೆ. ನಮ್ಮ ಪಕ್ಕದ ಜಿಲ್ಲೆಯಲ್ಲಿ ಮನುಷ್ಯರಿಗೇ ಬರುತ್ತಿದ್ದ ಗಳಗಂಡವನ್ನು ಹಿಂದಿನವರು 'ಡರ್ಬಿಶೈರ್ ಕತ್ತು' ಎನ್ನುತ್ತಿದ್ದರಂತೆ. ಅದೇ ಕೊರತೆ, ಅದೇ ಮದ್ದು. ಚಿಟಿಕೆಯಷ್ಟು ಅಯೋಡಿನ್ ಬೆರೆತ ಮೇಲೆ ಆ ಕಿರ್ ಕಿರ್ ಸದ್ದು ಅಪರೂಪವಾಯಿತು.

ಈ ಗೆಲುವಿನ ಪಕ್ಕದಲ್ಲೇ ಒಂದು ದೊಡ್ಡ ತಪ್ಪು ನಮೂದೂ ಇದೆ. 'ಫ್ರೆಂಚ್ ಮೌಲ್ಟ್' ಎಂಬ ಕಾಯಿಲೆಯಲ್ಲಿ ಗೂಡಿನಿಂದ ಹೊರಬರುವ ಮರಿಗಳ ರೆಕ್ಕೆಯ, ಬಾಲದ ದೊಡ್ಡ ಗರಿಗಳು ಉದುರಿಹೋಗುತ್ತವೆ. ಮರಿ ಹಾರಲಾರದೆ ನೆಲದಲ್ಲಿ ಓಡಾಡುತ್ತದೆ. ಫ್ರಾನ್ಸಿನ ದೊಡ್ಡ ಸಾಕಣೆ ಕೇಂದ್ರಗಳಿಂದ ಬಂದ ಹಕ್ಕಿಗಳಲ್ಲಿ ಕಂಡದ್ದರಿಂದ ಆ ಹೆಸರು ಎನ್ನುತ್ತಾರೆ. ಹತ್ತಾರು ವರ್ಷ ಇದರ ಹೊಣೆಯನ್ನು ಬಹುಪಾಲು ಊಟದ ಮೇಲೆ ಹೊರಿಸಲಾಯಿತು. ಪ್ರೋಟೀನು ಹೆಚ್ಚಾಯಿತು ಎಂದವರು ಕೆಲವರು, ಕಡಿಮೆಯಾಯಿತು ಎಂದವರು ಕೆಲವರು, ವಿಟಮಿನ್ ಸಾಲದು ಎಂದವರು ಇನ್ನು ಕೆಲವರು. ಗುಟ್ಟು ಒಡೆದದ್ದು 1980ರ ದಶಕದಲ್ಲಿ. 1981ರಲ್ಲಿ ಅಮೆರಿಕದಲ್ಲಿ ಬಜರಿಗಾರ್ ಮರಿಗಳ ವೈರಸ್ ರೋಗವೊಂದು ವರದಿಯಾಯಿತು. ಅದು ಇಂದು ಪಾಲಿಯೋಮಾ ವೈರಸ್ ಎಂದು ತಿಳಿದಿರುವುದು. 1984ರಲ್ಲಿ ಆಸ್ಟ್ರೇಲಿಯಾದ ಪಾಸ್ ಮತ್ತು ಪೆರಿ ಗಿಳಿಜಾತಿಯ ಕೊಕ್ಕು–ಗರಿ ರೋಗವನ್ನು ವಿವರಿಸಿದರು; ಅದೂ ವೈರಸ್ಸಿನದೇ. ಗರಿ ಉದುರಿಸುತ್ತಿದ್ದದ್ದು ತಟ್ಟೆಯಲ್ಲ, ಸೋಂಕು.

ಲೆಕ್ಕಪತ್ರದಲ್ಲಿ ಕಾರಣ ತಿಳಿಯದ ಮೊತ್ತ ಬಂದರೆ ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತೇವೆ. ದಾಖಲೆ ಸಿಗುವವರೆಗೆ ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಹಕ್ಕಿ ಸಾಕುವವರು ಆ ತಾಳ್ಮೆ ತೋರಲಿಲ್ಲ. ಅವರನ್ನು ದೂರಲಾರೆ. ಕಣ್ಣೆದುರಿಗೆ ಮರಿ ನರಳುವಾಗ ಕೈಗೆ ಸಿಗುವುದು ಊಟದ ಬಟ್ಟಲೊಂದೇ.

ಇದು ನನಗೆ ಮನದಟ್ಟಾದದ್ದು ಮೂರು ವರ್ಷದ ಹಿಂದೆ. ಯುದ್ಧಾನಂತರದ ಸಾಕಣೆಗಾರರು ದೊಡ್ಡ ತಲೆ, ಉದ್ದ ಗರಿ ಇರುವ ಹಕ್ಕಿಗಳನ್ನೇ ಆರಿಸಿ ಜೋಡಿ ಮಾಡುತ್ತಾ ಬಂದರು. ಇಂದಿನ ಪ್ರದರ್ಶನದ ಹಕ್ಕಿ ಕಾಡಿನದರ ಹೆಚ್ಚುಕಡಿಮೆ ಎರಡರಷ್ಟು ತೂಗುತ್ತದೆ. ಆ ಸಾಲಿನಲ್ಲೇ ಒಮ್ಮೊಮ್ಮೆ 'ಫೆದರ್ ಡಸ್ಟರ್' ಎಂಬ ಮರಿ ಹುಟ್ಟುತ್ತದೆ. ಅದರ ಗರಿ ಬೆಳೆಯುವುದು ನಿಲ್ಲುವುದೇ ಇಲ್ಲ. ಕಣ್ಣು ಮುಚ್ಚಿಹೋಗುತ್ತದೆ, ಹಾರಲಾಗದು. ಸದಾ ತಿನ್ನುತ್ತದೆ, ತಿಂದದ್ದೆಲ್ಲ ಗರಿಗೆ ಹೋಗುತ್ತದೆ. ಸಾಮಾನ್ಯವಾಗಿ ವರ್ಷ ತುಂಬುವ ಮೊದಲೇ ಸಾಯುತ್ತದೆ. ನಮ್ಮ ಹಿರಿಯರ ಶೆಡ್ಡಿನಲ್ಲಿ ಅಂಥದೊಂದು ನೀಲಿ ಮರಿ ಬಂತು. ಅವರು ಕಣ್ಣಿನ ಮೇಲಿನ ಗರಿ ಕತ್ತರಿಸಿ, ನೆಲದ ಮೇಲೇ ಕಾಳು ಹರಡಿ, ನವಣೆ ತೆನೆಯನ್ನು ಅದರ ಕೊಕ್ಕಿನ ಹತ್ತಿರ ಹಿಡಿದು ಏಳು ತಿಂಗಳು ಉಳಿಸಿಕೊಂಡರು. ಅದು ಹೋದ ದಿನ ನಮ್ಮ ಅಡುಗೆಮನೆಯಲ್ಲಿ ಕೂತು, "ರಸೀದಿ ಎಲ್ಲ ನೀವೇ ನೋಡಿದ್ದೀರಿ. ನಾನು ಏನು ಕಡಿಮೆ ಮಾಡಿದೆ ಹೇಳಿ" ಎಂದರು.

ಆಹಾರದ ಖಾತೆಯಲ್ಲಿ ಏನೂ ಕಡಿಮೆ ಇರಲಿಲ್ಲ. ಇನ್ನೊಂದು ಪುಸ್ತಕ ನೋಡೋಣವೇ ಎಂದೆ. ಯಾವ ಗಂಡಿಗೆ ಯಾವ ಹೆಣ್ಣು ಎಂದು ಮೂವತ್ತು ವರ್ಷದಿಂದ ಅವರು ಬರೆದಿಟ್ಟ ಜೋಡಿಗಳ ಪುಸ್ತಕ ಅದು. ಮರಿಯ ತಂದೆ ತಾಯಿ ಇಬ್ಬರದೂ ಒಂದೇ ಬಹುಮಾನದ ಸಾಲು. ಎರಡು ತಲೆಮಾರು ಹಿಂದೆ ಅದೇ ಸಾಲಿನಲ್ಲಿ ಇಂಥದೇ ಮರಿಯೊಂದು ಸತ್ತ ಟಿಪ್ಪಣಿ ಅವರ ಕೈಬರಹದಲ್ಲೇ ಇತ್ತು. ಅವರು ಬಹಳ ಹೊತ್ತು ಆ ಪುಟ ನೋಡಿದರು.

ಮರುವರ್ಷ ಆ ಜೋಡಿಯನ್ನು ಅವರು ಕೂಡಿಸಲಿಲ್ಲ. ಆ ಸಲದ ಪ್ರದರ್ಶನದಲ್ಲಿ ಅವರಿಗೆ ಬಹುಮಾನವೂ ಬರಲಿಲ್ಲ. ಶೂ ಡಬ್ಬಿ ಮಾತ್ರ ಎಂದಿನಂತೆ ಏಪ್ರಿಲ್‌ನಲ್ಲಿ ಬಂತು. ಅದರ ಮೇಲೆ ಒಂದು ಕಟ್ಟು ನವಣೆ ತೆನೆ ಇಟ್ಟಿದ್ದರು. ನಿಮ್ಮೂರಿನಲ್ಲಿ ಇದನ್ನು ಮನುಷ್ಯರೂ ತಿನ್ನುತ್ತಾರೆ ಎಂದಿದ್ದಿರಲ್ಲ, ಹೇಗೆ ಮಾಡುವುದು ಎಂದು ಕೇಳಿದರು.