ವೇಣೂರಿನ ಮೂರ್ತಿ ಮತ್ತು ನೆರೆಯವರ ಯುದ್ಧ

ವೇಣೂರಿನ ಬಾಹುಬಲಿ ಸ್ವಾಮಿಗೆ 2024ರಲ್ಲಿ ಮಹಾಮಸ್ತಕಾಭಿಷೇಕ ನಡೆದುದು ಶ್ರಾವಕ ಬಂಧುಗಳ ನೆನಪಿನಲ್ಲಿ ಹಸಿರಾಗಿಯೇ ಇದೆ. ಅಲ್ಲಿಗೆ ಹೋದವರು ಒಂದು ಕಥೆಯನ್ನು ಕೇಳಿಯೇ ಇರುತ್ತಾರೆ. ತಿಮ್ಮಣ್ಣ ಅಜಿಲರು ಮೂರ್ತಿಯನ್ನು ಕೆತ್ತಿಸುತ್ತಿರುವ ಸುದ್ದಿ ತಿಳಿದು ಕಾರ್ಕಳದ ಭೈರರಸನು ಅಸಮಾಧಾನಗೊಂಡನಂತೆ. ಕಾರ್ಕಳದಲ್ಲಿ ವೀರಪಾಂಡ್ಯನು 1432ರಲ್ಲಿ ನಿಲ್ಲಿಸಿದ ಮೂರ್ತಿಯ ಕೀರ್ತಿಗೆ ಕುಂದು ಬರುವುದೆಂದು ಭಾವಿಸಿ, ಹೊಸ ಮೂರ್ತಿಯನ್ನು ತನಗೊಪ್ಪಿಸಬೇಕೆಂದು ಹೇಳಿಕಳುಹಿಸಿದನು. ಅಜಿಲರು ಒಪ್ಪದೆ ಅದನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತಿಟ್ಟರು, ಯುದ್ಧ ಮಾಡಿ ಗೆದ್ದರು, 1604ರಲ್ಲಿ ಪ್ರತಿಷ್ಠೆ ಮಾಡಿಸಿದರು. ಇದು ಜನಪರಂಪರೆ.

ನಾವು ಇದನ್ನು ಅಭಿಮಾನದಿಂದ ಹೇಳುತ್ತೇವೆ. ಆದರೆ ಮಕ್ಕಳು ಒಂದು ಪ್ರಶ್ನೆ ಕೇಳಿದರೆ ಉತ್ತರಿಸುವುದು ಸುಲಭವಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಅಣ್ಣನನ್ನು ಗೆದ್ದು, ಗೆದ್ದ ಕ್ಷಣದಲ್ಲಿಯೇ ರಾಜ್ಯವನ್ನು ತೊರೆದವನ ಮೂರ್ತಿಗಾಗಿ ಇಬ್ಬರು ಜೈನ ಅರಸರು ಕಾದಾಡಿದ್ದು ಹೇಗೆ?

ನೆರೆಯವರ ಜಗಳವು ಒಂದು ನಾಡಿನ ದೋಷವಲ್ಲ. ಇಟಲಿಯಲ್ಲಿ ರೋಮನರೂ ಬೆಟ್ಟಸೀಮೆಯ ಸಾಮ್ನೈಟರೂ ಕ್ರಿ.ಪೂ. 354ರಲ್ಲಿ ಸ್ನೇಹದ ಒಪ್ಪಂದ ಮಾಡಿಕೊಂಡವರು. ಹನ್ನೊಂದು ವರ್ಷಗಳಲ್ಲಿ ಯುದ್ಧ ತೊಡಗಿತು. ಮೂರು ಯುದ್ಧಗಳಾಗಿ ಕ್ರಿ.ಪೂ. 290ರವರೆಗೆ ನಡೆಯಿತು. ಕ್ರಿ.ಪೂ. 321ರಲ್ಲಿ ಕಾಡಿಯಂ ಎಂಬ ಕಣಿವೆಯಲ್ಲಿ ರೋಮನ್ ಸೈನ್ಯವೇ ಸಾಮ್ನೈಟರ ಕೈಗೆ ಸಿಕ್ಕಿಬಿದ್ದಿತು. ಅವರ ಸೇನಾಪತಿಯು ತನ್ನ ವೃದ್ಧ ತಂದೆಯ ಸಲಹೆ ಕೇಳಿದನೆಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಎಲ್ಲರನ್ನೂ ಗೌರವದಿಂದ ಬಿಟ್ಟುಬಿಡು, ಸ್ನೇಹ ಉಳಿಯುತ್ತದೆ ಎಂದನಂತೆ ಮುದುಕ. ಅದು ಒಪ್ಪದಿದ್ದರೆ ಎಲ್ಲರನ್ನೂ ಕೊಲ್ಲು ಎಂದನಂತೆ. (ಎರಡನೆಯ ಮಾತನ್ನು ನಾವು ಕೇಳುವಂತೆಯೇ ಇಲ್ಲ.) ಮಗನು ನಡುದಾರಿ ಹಿಡಿದು, ಸೋತವರನ್ನು ಈಟಿಗಳ ಕೆಳಗೆ ಬಾಗಿ ನಡೆಯಿಸಿ ಕಳುಹಿಸಿದನು. ರೋಮನರು ಆ ಅವಮಾನವನ್ನು ಮರೆಯಲಿಲ್ಲ. ಕೊನೆಗೆ ಸಾಮ್ನೈಟರ ಸ್ವಾತಂತ್ರ್ಯವೇ ಹೋಯಿತು.

ನಮ್ಮಲ್ಲಿ ಒಬ್ಬ ನೆರೆಯವನು ಇನ್ನೊಬ್ಬನನ್ನು ನುಂಗಲಿಲ್ಲ, ಮೂರನೆಯವನು ಬಂದನು. ಬಂಗಾಡಿ ಮತ್ತು ನಂದಾವರದ ಬಂಗರು, ಮೂಡುಬಿದಿರೆ ಮತ್ತು ಉಳ್ಳಾಲದ ಚೌಟರು, ವೇಣೂರಿನ ಅಜಿಲರು, ಕಾರ್ಕಳದ ಭೈರರಸರು ಒಂದೇ ಧರ್ಮದವರು, ಅಳಿಯಸಂತಾನದವರು. ಕೊಟ್ಟುತಂದ ನೆಂಟಸ್ತಿಕೆಯೂ ಇತ್ತು. ಆ ನೆಂಟಸ್ತಿಕೆಯಿಂದಲೇ ಕಲಹವೂ ಹುಟ್ಟಿತು. 1623ರಲ್ಲಿ ಇಲ್ಲಿಗೆ ಬಂದ ಪಿಯೆತ್ರೋ ದೆಲ್ಲಾ ವಾಲೆ, ಆತನೂ ರೋಮ್ ನಗರದವನೇ, ಉಳ್ಳಾಲದ ರಾಣಿಯನ್ನು ಕಂಡು ಮಾತನಾಡಿದನು. ಆಕೆ ಆಗ ಬರಿಗಾಲಿನಲ್ಲಿ ನಡೆದು ಕಾಲುವೆಯ ಕೆಲಸ ನೋಡಿಸುತ್ತಿದ್ದಳು. ಆಕೆಗೂ ಗಂಡನಾದ ಬಂಗನಿಗೂ ಮನಸ್ತಾಪವಾಗಿ, ಬಂಗನು ಪೋರ್ಚುಗೀಸರ ನೆರವು ಬೇಡಿದನು. ರಾಣಿಯು ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕನನ್ನು ಕರೆಯಿಸಿದಳು. ಬಂಗನು ರಾಜ್ಯ ಕಳೆದುಕೊಂಡನು. ಕರೆದವಳಿಗೂ ಆ ಆಸರೆ ಬಿಟ್ಟಿಯಾಗಿ ಸಿಗಲಿಲ್ಲ. ಕೆಲವು ದಶಕಗಳೊಳಗೆ ಈ ಮನೆತನಗಳೆಲ್ಲ ಕೆಳದಿಗೆ ಕಪ್ಪ ಕೊಡುವಂತಾದವು. ಅಂಗಡಿಯಲ್ಲಿ ಖಾತೆ ನೋಡಿ ಬೆಳೆದ ನನಗೆ ಈ ಲೆಕ್ಕದಲ್ಲಿ ಜಮೆಯ ಕಡೆಗೆ ಬರೆಯಲು ಏನೂ ಕಾಣಿಸುವುದಿಲ್ಲ.

ವೇಣೂರಿಗೆ ಮರಳೋಣ. ಮೂವತ್ತೈದು ಅಡಿಯ ಆ ಮೂರ್ತಿಯ ಪಕ್ಕದಲ್ಲಿ ಶಾಸನವಿದೆ. ಅಭಿಷೇಕದ ಗಡಿಬಿಡಿಯಲ್ಲಿ ಅದನ್ನು ಓದುವವರು ವಿರಳ. ಚಾಮುಂಡ ವಂಶದ ತಿಮ್ಮರಾಜನು, ಪಾಂಡ್ಯಕಾದೇವಿಯ ಮಗನು, ರಾಯಕುವರನ ಅಳಿಯನು, ಬೆಳ್ಗೊಳದ ಗುರು ಚಾರುಕೀರ್ತಿಗಳ ಆದೇಶದಂತೆ ಶಕ 1525 ಸಂದ ಮೇಲೆ ಇದನ್ನು ಸ್ಥಾಪಿಸಿದನೆಂದು ಅಲ್ಲಿ ಹೇಳಿದೆ. ತಾಯಿಯ ಹೆಸರಿದೆ, ಮಾವನ ಹೆಸರಿದೆ, ಗುರುವಿನ ಹೆಸರಿದೆ. ಕಾರ್ಕಳದ ಹೆಸರಿಲ್ಲ, ಯುದ್ಧದ ಮಾತಿಲ್ಲ. ಪರಂಪರೆ ಹೇಳುವಂತೆ ಅಜಿಲನು ಗೆದ್ದಿದ್ದರೆ, ಗೆದ್ದವನು ಆ ಗೆಲುವನ್ನು ಸ್ವಾಮಿಯ ಪಕ್ಕದಲ್ಲಿ ಕೆತ್ತಿಸಲಿಲ್ಲ. ಮುಂದಿನ ಅಭಿಷೇಕದ ಸ್ಮರಣಸಂಚಿಕೆಯಲ್ಲಿ ಕಥೆಯ ಜೊತೆಗೆ ಈ ಶಾಸನದ ಪಾಠವನ್ನೂ ಅಚ್ಚುಮಾಡಿಸಬೇಕೆಂದು ಬಸದಿಗಳ ಆಡಳಿತದವರಲ್ಲಿ ನನ್ನ ವಿನಂತಿ.